ಮೂತ್ರನಾಳದ ಇಕ್ಕಟ್ಟು ಮತ್ತು ಕ್ಯಾಥೆಟರ್‌ನ ಚರಿತ್ರೆ

ಮೂತ್ರಕೋಶದಿಂದ ಮೂತ್ರವನ್ನು ಹೊರಕ್ಕೆ ಸಾಗಿಸುವ ನಾಳವು ಸೋಂಕಿನಿಂದಲೋ ಪೆಟ್ಟಿನಿಂದಲೋ ಗಾಯಗೊಂಡು, ಆ ಗಾಯ ಮಾಯುವಾಗ ಹುಟ್ಟುವ ಗಡುಸಾದ ಕಲೆಯಿಂದ ಇಕ್ಕಟ್ಟಾಗುವುದನ್ನು ವೈದ್ಯರು ಸ್ಟ್ರಿಕ್ಚರ್ ಎನ್ನುತ್ತಾರೆ. ಗೊನೊರಿಯಾ ಎಂಬ ಲೈಂಗಿಕ ರೋಗಕ್ಕೆ ಔಷಧವಿಲ್ಲದಿದ್ದ ಕಾಲದಲ್ಲಿ ಅದೇ ಇದಕ್ಕೆ ದೊಡ್ಡ ಕಾರಣವಾಗಿದ್ದು, ಯುರೋಪಿನ ಶಸ್ತ್ರವೈದ್ಯರು ಮೇಣದ ಬತ್ತಿಗಳನ್ನೂ ಲೋಹದ ಸಲಾಕೆಗಳನ್ನೂ ತೆಳ್ಳಗಿನದರಿಂದ ದಪ್ಪನೆಯದಕ್ಕೆ ಸಾಗುತ್ತ ತೂರಿಸಿ ನಾಳವನ್ನು ಹಿಗ್ಗಿಸುತ್ತಿದ್ದರು. 18ನೇ ಶತಮಾನದ ಲಂಡನ್ನಿನಲ್ಲಿ ಜಾನ್ ಹಂಟರ್ ದಾಹಕ ರಾಸಾಯನಿಕದಿಂದ ಇಕ್ಕಟ್ಟನ್ನು ಸುಡಲು ಯತ್ನಿಸಿದನು. 1855ರಲ್ಲಿ ಪ್ಯಾರಿಸ್ಸಿನ ಮೇಸೊನೊವ್ ಅಲಗನ್ನು ಒಳಗೆ ಕಳುಹಿಸಿ, ಕಣ್ಣಿಗೆ ಕಾಣದೆಯೇ ಸೀಳುವ ಸಲಕರಣೆಯನ್ನು ರೂಪಿಸಿದನು. ಹಿಗ್ಗಿಸಿದರೂ ಸುಟ್ಟರೂ ಸೀಳಿದರೂ ಆಗುತ್ತಿದ್ದುದು ಹೊಸ ಗಾಯವೇ ಆದ್ದರಿಂದ ಅದು ಮಾಯುತ್ತ ಮತ್ತೆ ಕಲೆಗಟ್ಟಿ ಕುಗ್ಗುತ್ತಿತ್ತು, ಅನೇಕ ರೋಗಿಗಳು ಬದುಕಿಡೀ ಸಲಾಕೆಯ ಹಂಗಿನಲ್ಲಿಯೇ ಉಳಿಯುತ್ತಿದ್ದರು.

ಸೀಳಿದ ನಾಳವು ಕೊಳವೆಯೊಂದರ ಸುತ್ತ ಅಗಲವಾಗಿಯೇ ಮಾಯಲಿ ಎಂಬ ಆಶಯದಿಂದ ಶಸ್ತ್ರಕ್ರಿಯೆಯ ಬಳಿಕ, ಮೂತ್ರವನ್ನು ಹೊರಹರಿಸುವ ಕೊಳವೆಯಾದ ಕ್ಯಾಥೆಟರನ್ನು ಒಳಗೇ ಬಿಡುವ ರೂಢಿ ಬಂದಿತು. ತುದಿಯ ಬಲೂನಿಗೆ ನೀರು ತುಂಬಿದಾಗ ಮೂತ್ರಕೋಶದಲ್ಲಿ ಜಾರದೆ ನಿಲ್ಲುವ ಕೊಳವೆಯನ್ನು ಅಮೆರಿಕದ ಫ್ರೆಡರಿಕ್ ಫೋಲಿ 1930ರ ದಶಕದಲ್ಲಿ ಬಳಕೆಗೆ ತಂದ ಮೇಲೆ ಇದು ಸುಲಭವಾಯಿತು. ಆದರೆ ಆಸರೆಯಾಗಬೇಕಿದ್ದ ಕೊಳವೆಯೇ ರೋಗಕ್ಕೆ ಕಾರಣವಾಗಬಲ್ಲದೆಂಬುದು 1980ರ ದಶಕದಲ್ಲಿ ಸ್ಪಷ್ಟವಾಯಿತು: ಹೃದಯದ ಶಸ್ತ್ರಕ್ರಿಯೆಗೆ ಒಳಗಾಗಿ ಲೇಟೆಕ್ಸ್ ರಬ್ಬರಿನ ಕ್ಯಾಥೆಟರ್ ಹಾಕಿಸಿಕೊಂಡ ಪುರುಷರಲ್ಲಿ, ರಬ್ಬರಿನಿಂದ ಒಸರುವ ವಿಷಕಾರಿ ಅಂಶಗಳಿಂದ ನಾಳದ ಒಳಪದರ ಕೆಟ್ಟು ಸ್ಟ್ರಿಕ್ಚರ್ ಉಂಟಾದುದನ್ನು ಕಂಡ ವೈದ್ಯರು ಸಿಲಿಕೋನ್ ಕೊಳವೆಯತ್ತ ವಾಲಿದರು.

ಈ ನಡುವೆ ಸೀಳುವ ಕ್ರಮವೂ ಬದಲಾಗಿತ್ತು. 1974ರಲ್ಲಿ ಜರ್ಮನಿಯ ಹಾನ್ಸ್ ಸಾಕ್ಸೆ ನಾಳದೊಳಕ್ಕೆ ತೂರಿಸಿದ ದರ್ಶಕದ ಮೂಲಕ ನೋಡುತ್ತಲೇ ಕಲೆಯನ್ನು ಸೀಳುವ ವಿಧಾನವನ್ನು ಪ್ರಕಟಿಸಿದಾಗ ಸಮಸ್ಯೆ ಬಗೆಹರಿಯಿತೆಂದೇ ಬಹಳ ಮಂದಿ ನಂಬಿದ್ದರು. ಆ ನಂಬಿಕೆಯನ್ನು ಅಲುಗಿಸಿದ್ದು ದಕ್ಷಿಣ ಆಫ್ರಿಕಾದಲ್ಲಿ 210 ಪುರುಷರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನ: ಹಿಗ್ಗಿಸುವುದಕ್ಕೂ ಸೀಳುವುದಕ್ಕೂ ಫಲದಲ್ಲಿ ಗಣನೀಯ ಅಂತರ ಕಾಣಲಿಲ್ಲ, ವರ್ಷದೊಳಗೆ ಮರುಕಳಿಸುವ ಪ್ರಮಾಣವು ಎರಡು ಸೆಂಟಿಮೀಟರಿಗಿಂತ ಚಿಕ್ಕ ಇಕ್ಕಟ್ಟಿನಲ್ಲಿ ಸುಮಾರು ಶೇ. 40, ನಾಲ್ಕು ಸೆಂಟಿಮೀಟರ್ ಮೀರಿದ್ದರಲ್ಲಿ ಸುಮಾರು ಶೇ. 80. ಮೂರನೆಯ ಬಾರಿ ಅದನ್ನೇ ಮಾಡುವುದರಿಂದ ದೀರ್ಘಕಾಲದ ಪ್ರಯೋಜನವಿಲ್ಲವೆಂದು ಅದೇ ತಂಡ ಮರುವರ್ಷ ತೋರಿಸಿತು. ಕಲೆಯನ್ನು ಅಲ್ಲಿಯೇ ಉಳಿಸಿ ಎಷ್ಟು ವಾರ ಕ್ಯಾಥೆಟರ್ ಇಟ್ಟರೂ ಅದು ಕುಗ್ಗುವ ಗುಣವನ್ನು ಬಿಡದು.

ಹಾಗಾಗಿ ಇಕ್ಕಟ್ಟಾದ ನಾಳವನ್ನೇ ಹೊಸ ಪದರದಿಂದ ಸರಿಪಡಿಸುವ ದಾರಿ ಬೇಕಾಯಿತು. ಬಾಯಿಯ ಒಳಪದರವನ್ನು ನಾಳಕ್ಕೆ ಕಸಿ ಮಾಡಬಹುದೆಂದು ಬ್ರಿಟನ್ನಿನ ಹಂಬಿ 1941ರಲ್ಲಿಯೇ, ಜನ್ಮಜಾತ ದೋಷವೊಂದರ ಚಿಕಿತ್ಸೆಯಲ್ಲಿ, ತೋರಿಸಿದ್ದರೂ ಸ್ಟ್ರಿಕ್ಚರಿಗೆ ಅದು ವ್ಯಾಪಕವಾಗಿ ಒದಗಿದ್ದು 1990ರ ದಶಕದಲ್ಲಿ. ಇಟಲಿಯ ಬಾರ್ಬಾಲಿ, ಆಗ್ರಾದ ಅಸೋಪಾ, ಪುಣೆಯ ಕುಲಕರ್ಣಿ ಈ ಕಸಿಯ ತಂತ್ರಗಳನ್ನು ಬೆಳೆಸಿದವರಲ್ಲಿ ಪ್ರಮುಖರು. ಕಸಿ ಅಂಟುವವರೆಗೆ, ಸಾಮಾನ್ಯವಾಗಿ ಎರಡು ಮೂರು ವಾರ, ಕ್ಯಾಥೆಟರ್ ಇಡಲಾಗುತ್ತದೆ. ಬರಿಯ ಸೀಳಿಕೆಯ ನಂತರವಾದರೆ, ತೊಡಕಿಲ್ಲದಿದ್ದಲ್ಲಿ, ಮೂರು ದಿನಗಳೊಳಗೆ ತೆಗೆಯಬಹುದೆಂಬುದು ಅಮೆರಿಕದ ಮೂತ್ರರೋಗತಜ್ಞರ ಸಂಘದ ಈಗಿನ ಮಾರ್ಗಸೂಚಿ.