ಬಾಣಂತಿಯ ಹಾಲು

ಹಾಲು ಸಾಲದೆಂಬ ಅಂಜಿಕೆ ಬಾಣಂತಿಯ ಕೋಣೆಯಷ್ಟೇ ಹಳೆಯದು. ಸುಶ್ರುತಸಂಹಿತೆಯು ಇದನ್ನು ವಿಚಾರಿಸಿ, ಕ್ರೋಧ, ಶೋಕ, ವಾತ್ಸಲ್ಯದ ಅಭಾವ ಇವುಗಳಿಂದ ಸ್ತನ್ಯವು ನಾಶವಾಗುವುದೆಂದು ಹೇಳಿದೆ. ಹೆರಿಗೆಯಾಗಿ ಮೂರು ನಾಲ್ಕು ರಾತ್ರಿಗಳಾದ ಮೇಲೆ ಹಾಲು ಹರಿಯುವುದೆಂಬುದೂ ಅದರ ಮಾತೇ. ತುಂಬುಹಾಲಿನ ಮಟ್ಟಿಗೆ ಇದು ದಿಟ. ಆದರೆ ಅದುವರೆಗೆ ಎದೆಯಲ್ಲಿ ಏನೂ ಇಲ್ಲವೆಂದು ಬಗೆದು, ಕೂಸಿಗೆ ಜೇನು, ಸಕ್ಕರೆನೀರು ನೆಕ್ಕಿಸಿ, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಆಚಾರ ನಾಡಿನ ಅನೇಕ ಕಡೆ ನೆಲೆಗೊಂಡಿತು. ಚರಕಸಂಹಿತೆಯಾದರೋ ಜಾತಕರ್ಮವಾದ ಕೂಡಲೆ ಬಲದ ಮೊಲೆಯನ್ನು ಕೊಡಬೇಕೆನ್ನುತ್ತದೆ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಹಸು ಈದರೆ ಗಿಣ್ಣುಹಾಲಿಗೆ ನಾವು ನೆರೆಮನೆಯವರೆಗೂ ಪಾತ್ರೆ ಹಿಡಿದು ಹೋಗುತ್ತೇವೆ. ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಹಂಚಿ ತಿನ್ನುತ್ತೇವೆ. ತಾಯಿಯ ಗಿಣ್ಣನ್ನು ಮಾತ್ರ ಕೆಟ್ಟ ಹಾಲೆಂದೆವು!

ಸುಶ್ರುತನ ಮೊದಲನೆಯ ಮಾತಿಗೆ 1948ರಲ್ಲಿ ಅನಿರೀಕ್ಷಿತವಾದ ಸಾಕ್ಷ್ಯವೊಂದು ದೊರೆಯಿತು. ಅಮೆರಿಕದ ನೈಲ್ಸ್ ನ್ಯೂಟನ್ ಮತ್ತು ಮೈಕೆಲ್ ನ್ಯೂಟನ್ ಎಂಬ ದಂಪತಿಗಳು, ಹಾಲೂಡುವ ತಾಯಿಯ ಕಾಲನ್ನು ಮಂಜಿನ ನೀರಿನಲ್ಲಿರಿಸಿಯೂ ಆಕೆಗೆ ಲೆಕ್ಕಗಳನ್ನು ಕೊಟ್ಟೂ ಮನಸ್ಸನ್ನು ಕದಡಿದರು. ಮಗುವಿಗೆ ದೊರೆತ ಹಾಲು ಕಡಮೆಯಾಯಿತು. ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟಾಗ ಹಾಲು ಮತ್ತೆ ಇಳಿಯಿತು. ಎಂದರೆ ಬತ್ತಿದ್ದು ಹಾಲಲ್ಲ. ಅದು ಇಳಿದು ಬರುವ ದಾರಿ ಮುಚ್ಚಿತ್ತು.

ಎಲ್ಲ ತಾಯಂದಿರ ಕಷ್ಟವೂ ಇಷ್ಟು ಹಗುರವಲ್ಲ. ಶಸ್ತ್ರಕ್ರಿಯೆಯ ಹೆರಿಗೆ, ಅತಿಯಾದ ರಕ್ತಸ್ರಾವ, ಮಧುಮೇಹ, ಥೈರಾಯ್ಡ್ ದೋಷ, ಅಕಾಲದಲ್ಲಿ ಹುಟ್ಟಿ ಚೀಪಲಾರದ ಕೂಸು, ಇವುಗಳಿದ್ದಲ್ಲಿ ಹಾಲು ತಡವಾಗುವುದುಂಟು, ಕೊರೆಯಾಗುವುದೂ ಉಂಟು. ಅಂಥವರನ್ನು ಮೊದಲೇ ಗುರುತಿಸತಕ್ಕದ್ದು. ಹುಟ್ಟಿದ ಗಂಟೆಯೊಳಗೆ ಕೂಸನ್ನು ಬರಿಯ ಎದೆಗೆ ಒರಗಿಸಬೇಕು. ಹಗಲಿರುಳು ಸೇರಿ ಎಂಟರಿಂದ ಹನ್ನೆರಡು ಸಲ ಊಡಿಸಬೇಕು. ಕೂಸು ಚೀಪದಿದ್ದರೆ ಮೊದಲ ಕೆಲವು ಗಂಟೆಗಳಲ್ಲಿಯೇ ಕೈಯಿಂದ ಹಿಂಡಿ ಚಮಚದಲ್ಲಿ ಕೊಡಬೇಕು. ಎದೆ ಬರಿದಾದಷ್ಟೂ ಹಾಲು ಹುಟ್ಟುವುದೆಂಬುದು ಇದರ ತತ್ತ್ವ. ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿಗಳನ್ನು ನಾವು ಹೀಗಳೆಯುವುದಿಲ್ಲ. ಅವು ಊಟಕ್ಕೆ ರುಚಿ. ಆದರೆ ಪದೇ ಪದೇ ಊಡಿಸುವ ಕೆಲಸವನ್ನು ಅವು ಮಾಡಲಾರವು. ಕೂಸಿನ ತೂಕ ಏರದಿದ್ದರೆ ವೈದ್ಯರ ಸಲಹೆಯಂತೆ ಪೂರಕ ಹಾಲನ್ನು ಕೊಡುವುದರಲ್ಲಿ ತಾಯಿಗೆ ಅವಮಾನವೇನಿದೆ?

1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಕೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ತೆರೆದಾಗ, ಅದರ ಆಚೆಯ ದೊಡ್ಡನೆಕ್ಕುಂದಿ ಕೆರೆ ಹೊಲಗಳ ಊರು. ಇಂದು ಅಲ್ಲಿ ಕೈಗಾರಿಕಾ ಪ್ರದೇಶವಿದೆ, ಹೊರವರ್ತುಲ ರಸ್ತೆಯ ಗಣಕಯಂತ್ರ ಕಚೇರಿಗಳಿವೆ. ತವರು ದೂರವಾದ ಬಾಣಂತಿ ಬಾಡಿಗೆಯ ಮನೆಯಲ್ಲಿ ದಿನಗಳನ್ನೆಣಿಸುತ್ತಾಳೆ. ಆಕೆಯ ಮಟ್ಟಿಗೆ ಸುಶ್ರುತನ ಶೋಕವೆಂದರೆ ರಜೆಯ ಲೆಕ್ಕ. 1961ರ ಹೆರಿಗೆ ಸೌಲಭ್ಯ ಕಾಯಿದೆಯು ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡುವ ಬಿಡುವನ್ನು ಕೊಟ್ಟಿತು. 2017ರ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ರಜೆಯನ್ನು ಹನ್ನೆರಡು ವಾರಗಳಿಂದ ಇಪ್ಪತ್ತಾರಕ್ಕೆ ಏರಿಸಿ, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಗೃಹವಿರಬೇಕೆಂದಿತು. ಶಿಶುಗೃಹವಿದ್ದೂ ಮೇಸ್ತ್ರಿಯ ಮುಖ ನೋಡಿ ಏಳಬೇಕಾದರೆ ಆ ಬಿಡುವು ಕಾಗದದಲ್ಲಿಯೇ ಉಳಿದೀತು.

ತೀರ ಸಣ್ಣ ಕೂಸುಗಳಿಗೆ ಇನ್ನೊಂದು ಆಸರೆ ಬಂದಿದೆ. 1989ರಲ್ಲಿ ಡಾಕ್ಟರ್ ಆರ್ಮಿಡಾ ಫರ್ನಾಂಡೀಸರು ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ತಾಯಿಹಾಲಿನ ಭಂಡಾರವನ್ನು ತೆರೆದರು. ಏಷ್ಯಾದಲ್ಲಿ ಅದೇ ಮೊದಲನೆಯದು. ನಮ್ಮ ರಾಜಮಾತೆಯ ಹೆಸರನ್ನು ಹೊತ್ತ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಅಂಥದೊಂದು 2022ರಲ್ಲಿ ಆರಂಭವಾಯಿತು. ಹಾಲು ಹೆಚ್ಚಿದ ತಾಯಿ ಕೊಟ್ಟದ್ದನ್ನು ಕಾಸಿ, ಶೋಧಿಸಿ, ಹಾಲು ಬಾರದ ತಾಯಿಯ ಕೂಸಿಗೆ ಅಲ್ಲಿ ಊಡಿಸುತ್ತಾರೆ.