ಪಾರ್ಶ್ವಮುಖ ಚಿತ್ರವೂ ಕಲ್ಯಾಣದ ಚಿತ್ರಶಾಸ್ತ್ರವೂ

ಒಂದೇ ಕಣ್ಣು, ಒಂದೇ ಕಿವಿ ಕಾಣುವಂತೆ ಬರೆದ ಮುಖವು ಅರ್ಧ ಮುಖವೆಂದೂ, ಎದುರುಮುಖವನ್ನು ಬರೆಯಲರಿಯದ ಕೈಯ ಕೊರತೆಯೆಂದೂ ಹಲವರು ಭಾವಿಸುವದುಂಟು. ನಮ್ಮ ನಾಡಿನ ಇತಿಹಾಸವನ್ನು ಅವಲೋಕಿಸಿದರೆ ಈ ಭಾವನೆಯು ನಿಲ್ಲಲಾರದು.

ಬಾಗಲವಾಡವನ್ನೊಳಗೊಂಡ ಈ ಕೃಷ್ಣಾ-ತುಂಗಭದ್ರೆಗಳ ನಡುನಾಡು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಲುಕ್ಯರ ಆಳಿಕೆಗೆ ಒಳಪಟ್ಟಿತ್ತು. ಆ ವಂಶದ ಮೂರನೆಯ ಸೋಮೇಶ್ವರನು (1126–1138) ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಚಿತ್ರವಿದ್ಯೆಗೂ ಎಡೆಯುಂಟು. ಶರಣರ ಕಲ್ಯಾಣಕ್ಕಿಂತ ಒಂದು ತಲೆಮಾರಿನಷ್ಟು ಮುಂಚಿನ ಮಾತಿದು. ಚಿತ್ರದಲ್ಲಿ ಮೈಯ ನಿಲುವುಗಳನ್ನು ‘ಸ್ಥಾನ’ಗಳೆಂದು ಕರೆದು ಆ ಅರಸನು ಐದು ಬಗೆ ಮಾಡಿರುವನು: ಋಜು, ಅರ್ಧರ್ಜು, ಸಾಚಿ, ಅರ್ಧಾಕ್ಷಿ, ಭಿತ್ತಿಕ. ನೆತ್ತಿಯಿಂದ ಹುಬ್ಬುಗಳ ನಡುವೆ, ಮೂಗಿನ ತುದಿ, ಗದ್ದ, ಹೊಕ್ಕುಳುಗಳ ಮೇಲೆ ನೇರವಾಗಿ ಇಳಿಯುವ ಗೆರೆಯು ಬ್ರಹ್ಮಸೂತ್ರವು. ಎದುರುಮುಖವಾದ ಋಜುವಿನಲ್ಲಿ ಎಡಬಲದ ಪಕ್ಷಸೂತ್ರಗಳು ಅದರಿಂದ 6 ಅಂಗುಲಗಳ ಸಮದೂರದಲ್ಲಿರುವವು. ಮೈ ತಿರುಗಿದಂತೆಲ್ಲ ಒಂದು ಪಕ್ಕವು ಹಿಗ್ಗಿ ಇನ್ನೊಂದು ಕುಗ್ಗುವದು. ಭಿತ್ತಿಕದಲ್ಲಿ ಒಂದು ಪಕ್ಕವು ಪೂರ್ಣವಾಗಿ ಮರೆಯಾಗುವದು. ಆದುದರಿಂದ ಪಾರ್ಶ್ವಮುಖವು ಅಳತೆಯುಳ್ಳ ಸ್ಥಾನವೇ ಹೊರತು ಅರೆಬರೆಯ ಕೆಲಸವಲ್ಲ. ಕನ್ನಡಿಯ ಬಿಂಬದಂತೆ ಹೋಲುವ ಚಿತ್ರವನ್ನು ಅದೇ ಗ್ರಂಥವು ‘ವಿದ್ಧ’ವೆಂದು ಕರೆಯುವದು. ಹಣೆ, ಮೂಗು, ತುಟಿ, ಗದ್ದಗಳ ಏರಿಳಿತವನ್ನು ಒಂದೇ ಗೆರೆಯಲ್ಲಿ ಹಿಡಿಯುವ ಪಾರ್ಶ್ವಮುಖವು ಅಂಥ ಹೋಲಿಕೆಗೆ ಬಹಳ ಅನುಕೂಲವಾದುದು.

ಇಂಥ ಮುಖಗಳನ್ನು ಕಣ್ಣಾರೆ ಕಾಣಬೇಕಾದರೆ ಲೇಪಾಕ್ಷಿಯ ವೀರಭದ್ರ ದೇವಾಲಯಕ್ಕೆ ಹೋಗಬೇಕು. ಇಂದು ಆಂಧ್ರಪ್ರದೇಶಕ್ಕೆ ಸೇರಿದ ಆ ಗುಡಿಯಲ್ಲಿ ಕನ್ನಡ ಶಾಸನಗಳುಂಟು. ವಿಜಯನಗರದ ಅಚ್ಯುತರಾಯನ (1529–1542) ಕಾಲದಲ್ಲಿ ಅದನ್ನು ಬೆಳೆಯಿಸಿದ ವಿರೂಪಣ್ಣ-ವೀರಣ್ಣ ಸೋದರರು ಎತ್ತರದ ಕುಲ್ಲಾಯಿ ಧರಿಸಿ, ಪರಿವಾರಸಮೇತರಾಗಿ ಶಿವಪೂಜೆಗೆ ನಿಂತಂತೆ ಮಾಳಿಗೆಯ ಚಿತ್ರದಲ್ಲಿ ತೋರುವರು. ಅವರ ಕಣ್ಣು ನೋಡುವವರ ಕಡೆಗಿಲ್ಲ, ದೇವರ ಕಡೆಗಿರುವದು. ಗುಡಿ ಕಟ್ಟಿಸಿದವನು ತನ್ನ ಮುಖವನ್ನು ಜನರಿಗೆ ಒಡ್ಡದೆ ದೇವರತ್ತ ತಿರುಗಿಸಿ ಬರೆಯಿಸಿದುದು ಸಾಮಾನ್ಯ ವಿಷಯವಲ್ಲ.

ಅರಮನೆಯ ದಾರಿ ಬೇರೆ. ವಿಜಾಪುರದ ಎರಡನೆಯ ಇಬ್ರಾಹೀಮ ಆದಿಲಶಾಹನ (1580–1627) ಹಲವು ಚಿತ್ರಗಳು ಮುಕ್ಕಾಲು ಮುಖದವು. ಮೊಗಲರಲ್ಲಾದರೋ ಜಹಾಂಗೀರನ (1605–1627) ಕಾಲದಿಂದ ಪಾರ್ಶ್ವಮುಖವೇ ರೂಢಿಯಾಯಿತು. ಗುಡಿಯಲ್ಲಿ ಭಕ್ತನ ವಿನಯವಾಗಿದ್ದ ಭಂಗಿಯು ಓಲಗದಲ್ಲಿ ದೊರೆಯ ಗಾಂಭೀರ್ಯವಾಯಿತು.

ಪಾರ್ಶ್ವಮುಖದ ಜೀವವೆಲ್ಲ ಒಂದು ಗೆರೆಯಲ್ಲಿರುವದು. ಆ ಗೆರೆ ಅಳಿದರೆ ಮನುಷ್ಯನೇ ಅಳಿದಂತೆ. ಆದುದರಿಂದ ಗುಡಿ-ಮಠಗಳ ಹಳೆಯ ಗೋಡೆಗೆ ಸುಣ್ಣ ಬಳಿಯುವ ಮುನ್ನ, ಹೊಗೆಯ ಮಸಿಯ ಕೆಳಗೆ ದೇವರತ್ತ ತಿರುಗಿದ ಪೂರ್ವಿಕರ ಮುಖವೊಂದು ಅಡಗಿರುವದೋ ಎಂದು ನೋಡುವದು ಲೇಸು.