ದೀಪ ಬದಲಿಸಲು ದುಡ್ಡು ಯಾರಿಗೆ?

ಕಚೇರಿ, ಅಂಗಡಿ, ಆಸ್ಪತ್ರೆಗಳ ಹಳೆಯ ದೀಪ ಬದಲಿಸಲು ಹಣದ ನೆರವು ಕೊಡುವ ಪದ್ಧತಿ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. 1973ರ ತೈಲ ಬಿಕ್ಕಟ್ಟಿನ ನಂತರ, ಹೊಸ ಸ್ಥಾವರ ಕಟ್ಟಿ ಒಂದು ಯೂನಿಟ್ ಉತ್ಪಾದಿಸುವುದಕ್ಕಿಂತ ಒಂದು ಯೂನಿಟ್ ಉಳಿಸುವುದೇ ಅಗ್ಗ ಎಂಬ ಲೆಕ್ಕಾಚಾರ ಅಲ್ಲಿ ಬಲಗೊಂಡಿತು. ಆದರೆ ಗ್ರಾಹಕ ಉಳಿಸಿದಷ್ಟೂ ವಿದ್ಯುತ್ ಕಂಪನಿಯ ವರಮಾನಕ್ಕೆ ಪೆಟ್ಟು. ತನಗೇ ನಷ್ಟ ತರುವ ಯೋಜನೆಯನ್ನು ಯಾವ ಕಂಪನಿ ಮನಸ್ಸಿಟ್ಟು ನಡೆಸೀತು?

ಕ್ಯಾಲಿಫೋರ್ನಿಯಾ 1982ರಲ್ಲಿ ಈ ಗಂಟನ್ನು ಬಿಡಿಸಿತು. ಕಂಪನಿಗೆ ಸಲ್ಲಬೇಕಾದ ವರಮಾನವನ್ನು ಮೊದಲೇ ನಿಗದಿ ಮಾಡಿ, ಮಾರಾಟ ಕಡಿಮೆಯಾದರೆ ಕೊರತೆಯನ್ನು ಮುಂದಿನ ದರದಲ್ಲಿ ತುಂಬಿಕೊಡುವ, ಹೆಚ್ಚು ಬಂದರೆ ಗ್ರಾಹಕರಿಗೆ ಮರಳಿಸುವ ವ್ಯವಸ್ಥೆ ತಂದಿತು. ಈ ಕ್ಷೇತ್ರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ನಷ್ಟದ ಭಯ ನೀಗಿದ ಮೇಲೆ, ದಪ್ಪನೆಯ 40 ವ್ಯಾಟ್ ಟ್ಯೂಬನ್ನೂ ಬಿಸಿಯೇರುವ ಹಳೆಯ ಚೋಕನ್ನೂ ತೆಗೆದು, 32 ವ್ಯಾಟಿನ ತೆಳು ಟ್ಯೂಬು, ಎಲೆಕ್ಟ್ರಾನಿಕ್ ಚೋಕು ಹಾಕಿಸಿದ ಕಟ್ಟಡಗಳಿಗೆ ಅಲ್ಲಿನ ವಿದ್ಯುತ್ ಕಂಪನಿಗಳೇ ರಿಯಾಯಿತಿ ಹಣ ಕೊಡತೊಡಗಿದವು. 1991ರ ‘ಗ್ರೀನ್ ಲೈಟ್ಸ್’ ಕಾರ್ಯಕ್ರಮದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ದೊಡ್ಡ ಉದ್ಯಮಗಳಿಂದ ಸ್ವಯಂಪ್ರೇರಿತ ಒಪ್ಪಂದಕ್ಕೆ ಸಹಿ ಹಾಕಿಸಿತು.

2005ರಲ್ಲಿ ತೆರಿಗೆ ಕಾನೂನೂ ಜೊತೆಗೂಡಿತು. 179ಡಿ ಕಲಮಿನಡಿ, ಬೆಳಕಿನ ವ್ಯವಸ್ಥೆ ಸುಧಾರಿಸಿದ ಮಾಲೀಕರು ಪ್ರತಿ ಚದರಡಿಗೆ 60 ಸೆಂಟ್‌ವರೆಗೆ ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಬಹುದಿತ್ತು. ಸರ್ಕಾರಿ ಶಾಲೆಗಳು ತೆರಿಗೆ ಕಟ್ಟುವುದಿಲ್ಲವಾದ್ದರಿಂದ ಆ ವಿನಾಯಿತಿಯನ್ನು ವಿನ್ಯಾಸಕಾರರಿಗೆ ವರ್ಗಾಯಿಸಲು ಅವಕಾಶವಿತ್ತು. ಒಳ್ಳೆಯ ಯೋಚನೆ ಅದು. 2022ರಲ್ಲಿ ಇಡೀ ಕಟ್ಟಡದ ಉಳಿತಾಯ ನೋಡಿ ಮೊತ್ತ ಹೆಚ್ಚಿಸುವ ಹೊಸ ನಿಯಮ ಬಂತು. 2025ರ ಕಾನೂನು ಅದಕ್ಕೂ ತೆರೆ ಎಳೆದಿದೆ: 2026ರ ಜೂನ್ 30ರ ನಂತರ ಶುರುವಾಗುವ ಕಾಮಗಾರಿಗೆ ಈ ಸೌಲಭ್ಯವಿಲ್ಲ.

ನಮ್ಮಲ್ಲಿ ಬೆಂಗಳೂರಿನ ವಿದ್ಯುತ್ ಕಂಪನಿ ಬೆಸ್ಕಾಂ 2004ರ ಕೊನೆಗೇ ಸಿಎಫ್‌ಎಲ್ ಬಲ್ಬಿನ ಬೆಲೆಯನ್ನು ಬಿಲ್ಲಿನ ಜೊತೆ ಕಂತುಗಳಲ್ಲಿ ಕಟ್ಟುವ ಪ್ರಯೋಗ ನಡೆಸಿತ್ತು. ಮುಂದೆ ಕೇಂದ್ರದ ಇಇಎಸ್‌ಎಲ್ ಸಂಸ್ಥೆ ಸಗಟು ಖರೀದಿಯ ದಾರಿ ಹಿಡಿದು, 2014ರಲ್ಲಿ 310 ರೂಪಾಯಿ ಇದ್ದ ಎಲ್‌ಇಡಿ ಬಲ್ಬಿನ ಖರೀದಿ ದರವನ್ನು 2016ರ ಹೊತ್ತಿಗೆ 38 ರೂಪಾಯಿಗೆ ಇಳಿಸಿತು. ಕಟ್ಟಡಗಳಿಗೆ ತಾನೇ ಬಂಡವಾಳ ಹಾಕಿ, ಬಿಲ್ಲಿನಲ್ಲಿ ಉಳಿತಾಯವಾದ ಹಣದಿಂದ ಅದನ್ನು ವಾಪಸು ಪಡೆಯುವ ಮಾದರಿಯನ್ನೂ ತಂದಿತು.

ಆದರೂ ಖಾಸಗಿ ಕಟ್ಟಡಗಳಲ್ಲಿ ಕೆಲಸ ನಿಧಾನ. ಬಾಡಿಗೆ ಕಚೇರಿಯಲ್ಲಿ ದೀಪ ಮಾಲೀಕನದು, ಕರೆಂಟ್ ಬಿಲ್ಲು ಬಾಡಿಗೆದಾರನದು. ಖರ್ಚು ಒಬ್ಬನಿಗೆ, ಲಾಭ ಇನ್ನೊಬ್ಬನಿಗೆ. ಅದಕ್ಕಿಂತ ಆಳದ ಅಡ್ಡಿ ದರಪಟ್ಟಿಯಲ್ಲಿದೆ. ಉಳಿದವರ ರಿಯಾಯಿತಿಯ ಹೊರೆಯ ಒಂದು ಪಾಲು ವಾಣಿಜ್ಯ ಗ್ರಾಹಕರ ದರದಲ್ಲಿ ಸೇರಿರುತ್ತದೆ. ಆದ್ದರಿಂದ ಅವರು ಉಳಿಸುವ ಪ್ರತಿ ಯೂನಿಟ್ಟೂ ವಿದ್ಯುತ್ ಸರಬರಾಜು ಕಂಪನಿಗೆ (ಎಸ್ಕಾಂ) ಕೈತಪ್ಪಿದ ದುಬಾರಿ ಮಾರಾಟ. ಕ್ಯಾಲಿಫೋರ್ನಿಯಾ ನಾಲ್ಕು ದಶಕದ ಹಿಂದೆ ಎದುರಿಸಿದ ತೊಡಕೇ ಇದು, ಇಲ್ಲಿ ಇನ್ನೂ ಬಿಗಿಯಾಗಿದೆ. ಬಲ್ಬಿನ ಬೆಲೆ ಇಳಿಸಿದ್ದಾಗಿದೆ. ಮುಂದಿನ ದರ ಪರಿಷ್ಕರಣೆಯಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಳೆದು ದೃಢಪಟ್ಟ ಉಳಿತಾಯಕ್ಕೆ ಎಸ್ಕಾಂಗಳಿಗೂ ಒಂದು ಪಾಲು ಸಿಗುವಂತೆ ಮಾಡಲಿ.